ಕುತ್ತಿಗೆಗೂ ಕುದುರೆಗೂ ನಡುವೆ

ಮೇಟಗಳ್ಳಿ, ಮೈಸೂರು
14 ಜೂನ್ 1998

ಮಹದೇವಣ್ಣನವರಿಗೆ,

ಸಿದ್ದೇಶನ ತಂಗಿ ಧರಣಿ ಬರೆಯುತ್ತಿರುವುದು. ನೀವು ಹೊಸಪೇಟೆಯಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟಿದ್ದೀರೆಂದು ಮಂಡಿ ಮೊಹಲ್ಲಾದಲ್ಲಿ ನಿಮ್ಮ ಹಳೇ ಅಂಗಡಿಯ ಪಕ್ಕದವರು ಹೇಳಿದರು. ವಿಳಾಸವನ್ನೂ ಅವರೇ ಕೊಟ್ಟರು.

ಶಿವರಾತ್ರಿಗೆ ನಂಜನಗೂಡಿನ ಕಡೆ ಆರ್ಕೆಸ್ಟ್ರಾ ಮುಗಿಸಿ ಬರುವಾಗ ವ್ಯಾನು ನಾಲೆಗೆ ಮಗುಚಿದ್ದು, ಮಿಕ್ಕವರು ಉಳಿದು ಅಣ್ಣ ಒಬ್ಬನೇ ಹೋದದ್ದು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಮಣ್ಣಿಗೆ ನೀವು ಬರಲಿಲ್ಲ. ಅದನ್ನು ಕೇಳಲು ಬರೆಯುತ್ತಿಲ್ಲ.

ನೀವಿಬ್ಬರೂ ಸೇರಿ ಮಾಡಿದ ಬೇಸ್ ಗಿಟಾರನ್ನು ಆರ್ಕೆಸ್ಟ್ರಾದವರು ಹೋದ ತಿಂಗಳು ಮನೆಗೆ ತಂದುಕೊಟ್ಟರು. ರೆಕ್ಸಿನ್ ಚೀಲದೊಳಗೆ ಇನ್ನೂ ನಾಲೆಯ ಮರಳಿತ್ತು. ನಾನು ಒರೆಸಿ, ನೆರಳಲ್ಲಿ ಒಣಗಿಸಿ, ಅಣ್ಣ ಒರಗಿಸುತ್ತಿದ್ದ ಮೂಲೆಯಲ್ಲೇ ಇಟ್ಟೆ. ಆಗಾಗ ಆಂಪಿಗೆ, ಅಣ್ಣನ ಸ್ಪೀಕರ್ ಡಬ್ಬಕ್ಕೆ, ಕೂಡಿಸಿ ಆನ್ ಮಾಡಿದರೆ ಒಳಗಿನ ಸಾಮಾನು ಕೆಡುವುದಿಲ್ಲ ಎಂದು ಅವರಲ್ಲೊಬ್ಬರು ಹೇಳಿ ಹೋದರು. ಭಾನುವಾರ ನನಗೆ ಗಾರ್ಮೆಂಟ್ಸ್ ಕಾರ್ಖಾನೆ ರಜೆ. ಊಟವಾದ ಮೇಲೆ ಕೂಡಿಸಿ ದಪ್ಪ ತಂತಿಯನ್ನು ಮೀಟಿದೆ.

ತಂತಿಯ ಸದ್ದು ಬಂತು. ಅದರ ಕೆಳಗೆ ಅಣ್ಣನ ಗುನುಗು ಬಂತು.

ಅವನು ನುಡಿಸುವಾಗ ತುಟಿ ಮುಚ್ಚಿ ಗುನುಗುತ್ತಿದ್ದದ್ದು ನಿಮಗೆ ಗೊತ್ತು. ಹಾಡು ಯಾವುದೇ ಇರಲಿ, ಅವನ ಗುನುಗು ಸ್ವಲ್ಪ ಹಿಂದೆ, ಸ್ವಲ್ಪ ಕೆಳಗೆ. ಮೂಗಿನಲ್ಲಿ ಶುರುವಾಗಿ ಗಂಟಲಿಗೆ ಇಳಿಯುತ್ತಿತ್ತು. ಅದೇ. ತಂತಿ ನಿಂತ ಮೇಲೂ ಅದು ನಿಲ್ಲಲಿಲ್ಲ. ಒಂದು ಉಸಿರು ಎಳೆದುಕೊಂಡ ಹಾಗಾಯಿತು, ಆಮೇಲೆ ನಿಂತಿತು.

ಅವ್ವ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಬಂದು ನನ್ನ ಎದುರಿಗೆ ಕುಳಿತಳು. "ಅಣ್ಣ ಗುನುಗ್ತಾವ್ನೆ ಕಣವ್ವ," ಎಂದೆ. ಸುಮ್ಮನೆ ತಲೆಯಾಡಿಸಿದಳು. ಅಂದಿನಿಂದ ಪ್ರತಿ ಭಾನುವಾರ ಪಾತ್ರೆ ತೊಳೆದಿಟ್ಟು ಬಂದು, "ಹಚ್ಚವ್ವ ಅದ," ಎಂದು ಎದುರಿಗೇ ಕೂರುತ್ತಾಳೆ.

ಈಗ ಕಷ್ಟ ಏನೆಂದರೆ, ದೊಡ್ಡಪ್ಪ ಸಣ್ಣಮಾದಯ್ಯ ಬಂದು ಈ ವರ್ಷದ ಮಾರ್ಲಾಮಿ ಅಮಾಸೆಗೆ ಸಿದ್ದನಿಗೂ ಎಡೆ ಇಡಬೇಕು, ಅವನನ್ನು ಹಿರಿಯರ ಜೊತೆ ಸೇರಿಸಬೇಕು ಎಂದರು. ಅವ್ವ ಒಪ್ಪಲಿಲ್ಲ. "ಮನೇಲಿ ಗುನುಗ್ತಾ ಕೂತಿರೋನ್ಗೆ ಎಡೆ ಮಡಗ್ತಾರಾ ಭಾವ?" ಎಂದಳು. ಎಡೆ ಇಡದೆ ಹೋದರೆ ಸತ್ತವನು ಅಲ್ಲೂ ಇಲ್ಲ, ಇಲ್ಲೂ ಇಲ್ಲ ಎಂಬುದು ನಮ್ಮ ಕಡೆಯ ಮಾತು. ಅವ್ವನಿಗೆ ಅದು ನನಗಿಂತ ಚೆನ್ನಾಗಿ ಗೊತ್ತು.

ಆ ವಾದ್ಯದ ಕಾಯಿಲ್ ಸುತ್ತಿದವರು ನೀವು. ಇದು ಅದರಿಂದ ಆಗುವಂಥದ್ದೋ ಅಲ್ಲವೋ, ಬರೆದು ತಿಳಿಸಿ.

ನಿಮ್ಮ ತಂಗಿಯಂಥ,
ಧರಣಿ

---

ಹೊಸಪೇಟೆ
2 ಜುಲೈ 1998

ಧರಣಿಗೆ,

ಪತ್ರ ಬಂದು ಎರಡು ವಾರವಾಯಿತು. ಏನು ಬರೆಯಲಿ ಎಂದು ತಿಳಿಯದೆ ಇಟ್ಟುಕೊಂಡಿದ್ದೆ. ವಾದ್ಯದ ವಿಷಯ ಬರೆಯುತ್ತೇನೆ, ನನಗೆ ಗೊತ್ತಿರುವುದು ಅದೊಂದೇ.

ತಂತಿಗಳ ಕೆಳಗೆ ಒಂದು ಕಪ್ಪು ತುಂಡು ಇದೆ ನೋಡು, ಅದೇ ಪಿಕಪ್. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ಎಳೆ ಸುತ್ತಿದ ಕಾಯಿಲ್. ತನ್ನ ತಲೆಯ ಮೇಲೆ ಇರುವಷ್ಟು ತಂತಿ ಹೇಗೆ ಅಲ್ಲಾಡಿತೋ ಅದನ್ನು ಮಾತ್ರ ಅದು ಆಂಪಿಗೆ ಮುಟ್ಟಿಸುತ್ತದೆ. ಆಚೀಚಿನ ಸಮಾಚಾರ ಅದಕ್ಕೆ ಗೊತ್ತಿಲ್ಲ. ತಂತಿಯೋ ಎಲ್ಲ ಕಡೆ ಒಂದೇ ಸಮ ಅಲ್ಲಾಡುವುದಿಲ್ಲ. ಕೆಳತುದಿಯಲ್ಲಿ ಅದು ಕೂರುವ ಲೋಹದ ಪಟ್ಟಿಯನ್ನು ನಾವು ವೀಣೆಯವರ ಹಾಗೆ ಕುದುರೆ ಎನ್ನುತ್ತಿದ್ದೆವು. ಕುದುರೆಯ ಹತ್ತಿರ ತಂತಿ ಬಿಗಿ, ಅಲ್ಲಾಟ ಕಡಿಮೆ. ಪಿಕಪ್ ಅಲ್ಲಿ ಕೂತರೆ ಸದ್ದು ಚೂಪು, ಒಣಕಲು, ಬಿಡಿಬಿಡಿ. ಮೇಲೆ, ಬೆರಳಿಡುವ ಮೆಟ್ಟುಗಳಿರುವ ಕುತ್ತಿಗೆಯ ಕಡೆ ಸರಿದಷ್ಟೂ ದಪ್ಪ, ಮೆತ್ತಗೆ. ತಂತಿ ಅದೇ, ಬೆರಳು ಅದೇ, ಪಿಕಪ್ ಕೂತ ಜಾಗ ಬೇರೆಯಾದರೆ ವಾದ್ಯವೇ ಬೇರೆ.

ನಾನೂ ಸಿದ್ದೇಶನೂ ಮಾತು ಬಿಟ್ಟದ್ದು ಇದಕ್ಕೇ. ನಿನಗೆ ಅವನು ಹೇಳಿದ್ದನೋ ಇಲ್ಲವೋ. ಸ್ಟೇಜಿನಲ್ಲಿ ಡ್ರಮ್ಮು ಕೀಬೋರ್ಡುಗಳ ನಡುವೆ ಎದ್ದು ಕೇಳಬೇಕೆಂದು ನಾನು ಕುದುರೆಯ ಪಕ್ಕ ಕೂರಿಸಿ ಸ್ಕ್ರೂ ಬಿಗಿದೆ. ಅವನಿಗೆ ಕುತ್ತಿಗೆಯ ಕಡೆ ಬೇಕಿತ್ತು, ನಿಮ್ಮ ದೊಡ್ಡಪ್ಪನ ತಂಬೂರಿಯ ಹಾಗೆ ಹೊಟ್ಟೆಯೊಳಗಿಂದ ಬರಬೇಕಂತೆ. ದೀಪಾವಳಿ ಕಳೆದ ಮೇಲೆ ಒಂದು ದಿನ ಅಂಗಡಿಗೆ ಬಂದು, "ನೀನ್ ಕೂರ್ಸಿರೋ ಕಡೆ ನನ್ ದನಿ ನಂಗೇ ಕೇಳ್ತಿಲ್ಲ ಕಣೋ," ಎಂದ. "ನಿನ್ ದನಿ ಕೇಳಕ್ಕೆ ಯಾರೂ ಬರಕಿಲ್ಲ ಬುಡು," ಎಂದೆ. ವಾದ್ಯ ಎತ್ತಿಕೊಂಡು ಹೋದ. ಅದೇ ಕೊನೆ. ಆಮೇಲೆ ನನ್ನ ಸ್ಕ್ರೂ ಕಿತ್ತು, ವಾದ್ಯದ ಹಲಗೆಯನ್ನು ಉದ್ದಕ್ಕೆ ಕೊರೆದು, ಎರಡು ಕಂಬಿ ಹಾಕಿ, ಪಿಕಪ್ ಅತ್ತಿತ್ತ ಜಾರುವ ಹಾಗೆ ಮಾಡಿಕೊಂಡನೆಂದು ಬೇರೆಯವರು ಹೇಳಿದರು. ಅದರ ಸದ್ದನ್ನು ನಾನು ಕೇಳಿಲ್ಲ.

ಗುನುಗಿನ ವಿಷಯ. ಮೋಟಾರಿನ ಕಾಯಿಲ್ ಸುತ್ತಿದ ಮೇಲೆ ಎಳೆಗಳು ಅಲುಗಬಾರದೆಂದು ವಾರ್ನಿಷಿನಲ್ಲಿ ಅದ್ದಿ ಕಾಯಿಸುತ್ತೇವೆ. ಸಿದ್ದೇಶನಿಗೆ ಗಣಪತಿ ಹಬ್ಬದ ಅವಸರ, ಅದ್ದದೆಯೇ ಕೊಟ್ಟೆ. ಅಂಥ ಕಾಯಿಲ್ ಮೈಕಿನ ಹಾಗೆ. ಹತ್ತಿರದಲ್ಲಿ ಕೆಮ್ಮಿದರೂ ಕೇಳುತ್ತದೆ, ಉಸಿರಾಡಿದರೂ ಕೇಳುತ್ತದೆ. ಮೀಟುವಾಗ ನಿನಗೇ ಗೊತ್ತಾಗದೆ ನೀನು ಗುನುಗಿರುತ್ತೀಯ. ಒಂದೇ ಮನೆಯ ಗಂಟಲು, ಒಂದೇ ಥರ ಇರುತ್ತದೆ. ಪಿಕಪ್ಪನ್ನು ಕುದುರೆಯ ಕಡೆ ಸರಿಸಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಮೀಟಿ ನೋಡು.

ಅವ್ವನನ್ನು ಕೇಳಿದೆ ಎಂದು ಹೇಳು. ಬೇಡ, ಹೇಳಬೇಡ.

ಮಹದೇವು

---

ಮೇಟಗಳ್ಳಿ
9 ಆಗಸ್ಟ್ 1998

ಮಹದೇವಣ್ಣನವರಿಗೆ,

ನೀವು ಬರೆದ ಹಾಗೆ ಮಾಡಿದೆ. ಸೆರಗನ್ನು ಮಡಿಸಿ ಬಾಯಿಗೆ ಬಿಗಿದುಕೊಂಡೆ, ಉಸಿರನ್ನೂ ಹಿಡಿದುಕೊಂಡೆ. ಪಿಕಪ್ಪನ್ನು ಕುದುರೆಯವರೆಗೆ ಜಾರಿಸಿ ಮೀಟಿದೆ. ತಂತಿಯ ಸದ್ದು ತಗಡು ಕೆರೆದ ಹಾಗೆ ಬಂತು. ಗುನುಗು ದೂರ ಹೋಗಿತ್ತು, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಗುನುಗುವ ಹಾಗೆ. ಸ್ವಲ್ಪ ಮೇಲೆ ಸರಿಸಿದೆ, ಬಾಗಿಲ ಹತ್ತಿರ ಬಂದ. ಇನ್ನೂ ಸರಿಸಿದೆ. ಕುತ್ತಿಗೆಯ ಪಕ್ಕಕ್ಕೆ ಬಂದಾಗ ನನ್ನ ಭುಜದ ಹಿಂದೆಯೇ ಇದ್ದ. ತಿರುಗಿ ನೋಡಲು ಆಗಲಿಲ್ಲ. ಅವ್ವ ಎದುರಿಗೆ ಕುಳಿತು ನನ್ನನ್ನೇ ನೋಡುತ್ತಿದ್ದಳು, ಅವಳ ಮುಖದಲ್ಲಿ ಹೆದರಿಕೆ ಕಾಣಲಿಲ್ಲ. ಅದಕ್ಕೇ ನಾನೂ ಎದ್ದು ಓಡಲಿಲ್ಲ.

ಇನ್ನೊಂದು ಸಂಗತಿ. ಅಣ್ಣ ಶ್ರುತಿ ಮಾಡುವಾಗ ಐದನೇ ಮೆಟ್ಟಿನ ಮೇಲೆ ತಂತಿಯನ್ನು ಒತ್ತದೆ ಬೆರಳ ತುದಿಯಿಂದ ಸೋಕಿಸಿ ಮೀಟುತ್ತಿದ್ದ, ಆಗ ಸಣ್ಣ ಗಂಟೆ ಹೊಡೆದ ಹಾಗೆ ಆಗುತ್ತಿತ್ತು. ಹಾಗೆ ಮಾಡುತ್ತಾ ಪಿಕಪ್ಪನ್ನು ಜಾರಿಸಿದೆ. ಎಲ್ಲ ಕಡೆ ಗಂಟೆ ಬಂತು. ಒಂದು ಕಡೆ ಮಾತ್ರ ಬರಲಿಲ್ಲ. ತಂತಿಗೆ ಕಿವಿಯಿಟ್ಟರೆ ಗಂಟೆ ಇದೆ, ಆಂಪಿನಲ್ಲಿ ಇಲ್ಲ. ಒಂದು ಬೆರಳಿನಷ್ಟು ಆಚೆ ಸರಿಸಿದರೆ ಮತ್ತೆ ಬರುತ್ತದೆ. ಅಂಗಿ ಅಳೆಯುವ ಟೇಪಿನಲ್ಲಿ ಅಳೆದೆ, ಇಡೀ ತಂತಿಯನ್ನು ನಾಲ್ಕು ಪಾಲು ಮಾಡಿದರೆ ಕುದುರೆಯಿಂದ ಮೊದಲ ಪಾಲು ಮುಗಿಯುವ ಕಡೆ. ಅಲ್ಲಿ ಗಂಟೆ ಹೋಯಿತು, ಗುನುಗು ಮಾತ್ರ ಉಳಿಯಿತು. ಇದು ಯಾಕೆ ಹೀಗೆಂದು ನನಗೆ ತಿಳಿಯಲಿಲ್ಲ.

ಬರೆಯದೆ ಇರಬಾರದು, ಅದಕ್ಕೆ ಇದನ್ನೂ ಬರೆಯುತ್ತೇನೆ. ಅವನು ಗುನುಗುವುದು ಹಳೆಯ ಹಾಡಲ್ಲ. ನಾನು ಕೇಳಿರದ ಧಾಟಿ. ಪ್ರತಿ ಭಾನುವಾರ ಸ್ವಲ್ಪ ಮುಂದಕ್ಕೆ ಹೋಗಿರುತ್ತದೆ, ಕಲಿಯುತ್ತಾ ಇದ್ದಾನೇನೋ ಎನ್ನುವ ಹಾಗೆ. ಹೋದ ವಾರ ತಪ್ಪಿದ ಕಡೆ ಈ ವಾರ ತಪ್ಪುವುದಿಲ್ಲ. ಮುಂದೇನು ಬರುತ್ತದೋ ಎಂದು ವಾರವೆಲ್ಲ ಅದೇ ಯೋಚನೆ. ಕಾರ್ಖಾನೆಯಲ್ಲಿ ಕಾಜಾ ಹೊಲಿಯುವಾಗ ಪಕ್ಕದವಳು, "ಯಾವ್ ಪಿಚ್ಚರ್ ಹಾಡೇ ಅದು, ದಿನಾ ಅದ್ನೇ ಅಂತೀಯ," ಎಂದಳು. ನನಗೆ ಗೊತ್ತೇ ಆಗಿರಲಿಲ್ಲ. ಮೊನ್ನೆ ಒಂದು ಗಂಟು ಅಂಗಿಗಳಿಗೆ ಗುಂಡಿಯ ಕಡೆ ಕಾಜಾ ಹಾಕಿಬಿಟ್ಟು ಮೇಲಿನವರಿಂದ ಬೈಸಿಕೊಂಡೆ. ಊಟ ಸೇರುತ್ತಿಲ್ಲ. ಅವ್ವನೂ ತಟ್ಟೆಯ ಮುಂದೆ ಸುಮ್ಮನೆ ಕೂರುತ್ತಾಳೆ.

ದೊಡ್ಡಪ್ಪ ಮತ್ತೆ ಬಂದಿದ್ದರು. "ನಿಮ್ಮನೇಲಿ ಎಡೆ ಇಲ್ಲ ಅಂದ್ರೆ ಸಿದ್ದ ನಮ್ಮನೆಗೆ ಬಂದು ನನ್ ಪಾಲಿನ್ ಬೋಟಿಗೊಜ್ಜು ತಿಂತಾನೆ ಕಣವ್ವ. ನಂಗೆ ಅಂತ ನಮ್ಮನೆಯವಳು ಮಡಗೋದೇ ಒಂದ್ ಸೌಟು," ಎಂದು ನಗಿಸಲು ನೋಡಿದರು. ಅವ್ವ ನಗಲಿಲ್ಲ. "ಇನ್ನೂ ಹೊತ್ತಾಗಿಲ್ಲ ಭಾವ," ಎಂದಷ್ಟೇ ಹೇಳಿ ನನ್ನ ಕಡೆ ನೋಡಿದಳು.

ಅವಳು ಹೀಗೆಯೇ ಇದ್ದರೆ ಅವಳೂ ಉಳಿಯುವುದಿಲ್ಲ. ಆದ್ದರಿಂದ ಒಂದು ಕೆಲಸ ಮಾಡಿದೆ. ಪಿಕಪ್ಪನ್ನು ಕಂಬಿಯಿಂದ ಬಿಚ್ಚಿ, ಅದರ ಎರಡು ವೈರನ್ನು ಕತ್ತರಿಸಿ, ಹತ್ತಿಯಲ್ಲಿ ಸುತ್ತಿ ಪಾರ್ಸೆಲ್ ಮಾಡಿದ್ದೇನೆ. ಅವತ್ತು ಅದ್ದದೆ ಬಿಟ್ಟಿರಲ್ಲ, ಈಗ ವಾರ್ನಿಷಿನಲ್ಲಿ ಅದ್ದಿ ಕಳಿಸಿ. ತಂತಿಯನ್ನು ಬಿಟ್ಟು ಬೇರೇನನ್ನೂ ಅದು ಕೇಳದ ಹಾಗೆ ಮಾಡಿ. ಮಾರ್ಲಾಮಿಯೊಳಗೆ ಆಗಬೇಕು. ಅವ್ವನಿಗೆ ರಿಪೇರಿ ಎಂದು ಹೇಳಿದ್ದೇನೆ.

ಧರಣಿ

---

27 ಆಗಸ್ಟ್ 1998

ಮಹದೇವಣ್ಣ,

ಪಾರ್ಸೆಲ್ ತಲುಪಿತೇ? ಕಾರ್ಡು ಹಾಕಿ. ಅದು ಹೋದಾಗಿನಿಂದ ಮನೆ ಸುಮ್ಮನಿದೆ. ಭಾನುವಾರ ಊಟವಾದ ಮೇಲೆ ಅವ್ವ ಬಂದು ಎದುರಿಗೆ ಕೂರುವುದನ್ನು ಬಿಟ್ಟಿಲ್ಲ. ಇಬ್ಬರೂ ಕೂರುತ್ತೇವೆ.

ಧರಣಿ

---

ಹೊಸಪೇಟೆ
4 ಸೆಪ್ಟೆಂಬರ್ 1998

ಧರಣಿ,

ಪಾರ್ಸೆಲ್ ತಲುಪಿದೆ. ವಾರ್ನಿಷಿನಲ್ಲಿ ಅದ್ದಿಲ್ಲ. ಯಾಕೆಂದು ಹೇಳುತ್ತೇನೆ, ಕುಳಿತುಕೊಂಡು ಓದು.

ಅದ್ದುವ ಮೊದಲು ಮೀಟರ್ ಹಚ್ಚಿ ನೋಡುವುದು ನಮ್ಮ ರೂಢಿ. ಮುಳ್ಳು ಅಲುಗಲಿಲ್ಲ, ಅಂದರೆ ಎಳೆಯಲ್ಲಿ ಕರೆಂಟು ಹರಿಯುತ್ತಿಲ್ಲ. ನೀನು ವೈರು ಕತ್ತರಿಸಿದ ಕಡೆ ಏನಾದರೂ ಆಗಿರಬೇಕೆಂದು ಬುಡದಿಂದ ಹಚ್ಚಿದೆ. ಆಗಲೂ ಇಲ್ಲ. ಮೇಲಿನ ಟೇಪು ಬಿಚ್ಚಿ ನೋಡಿದರೆ ಎಳೆ ಒಳಗೇ ತುಂಡಾಗಿದೆ, ಒಂದು ಕಡೆಯಲ್ಲ, ಎಲ್ಲೆಲ್ಲೂ. ನೀರು ಒಳಗೆ ಇಳಿದು ತಾಮ್ರವೆಲ್ಲ ಹಸಿರು ಕಟ್ಟಿದೆ. ಹಾಗೆ ಹಸಿರು ಕಟ್ಟಲು ತಿಂಗಳುಗಳು ಬೇಕು. ನಾಲೆಗೆ ಬಿದ್ದ ದಿನವೇ ಇದು ಸತ್ತಿದೆ, ಧರಣಿ. ನಿಮ್ಮ ಮನೆಗೆ ಬಂದಾಗಲೇ ಇದರಲ್ಲಿ ಜೀವ ಇರಲಿಲ್ಲ. ಇಂಥದ್ದನ್ನು ಆಂಪಿಗೆ ಕೂಡಿಸಿದರೆ ಕರೆಂಟಿನ ಗೊಯ್ ಎನ್ನುವ ಸದ್ದು ಬರಬಹುದು. ತಂತಿಯ ಸದ್ದು ಬರುವುದಿಲ್ಲ. ಮನುಷ್ಯರ ದನಿಯಂತೂ ಇಲ್ಲವೇ ಇಲ್ಲ.

ನಿನಗೆ ಭ್ರಮೆ ಎಂದು ಬರೆದು ಮುಗಿಸಬೇಕೆಂದು ಕೂತೆ. ಆಮೇಲೆ ನೀನು ಬರೆದ ಗಂಟೆಯ ವಿಷಯವನ್ನು ಇನ್ನೊಮ್ಮೆ ಓದಿದೆ. ಐದನೇ ಮೆಟ್ಟಿನಲ್ಲಿ ಸೋಕಿಸಿದರೆ ತಂತಿ ನಾಲ್ಕು ತುಂಡಾಗಿ ಅಲ್ಲಾಡುತ್ತದೆ. ತುಂಡು ತುಂಡು ಸೇರುವ ಕಡೆ ಅದು ನಿಂತೇ ಇರುತ್ತದೆ. ಕುದುರೆಯಿಂದ ಕಾಲು ಭಾಗದಲ್ಲಿ ಅಂಥ ಒಂದು ನಿಂತ ಜಾಗ. ಪಿಕಪ್ ಸರಿಯಾಗಿ ಅದರ ಕೆಳಗೆ ಕೂತರೆ ಗಂಟೆ ಅದಕ್ಕೆ ಕೇಳುವುದಿಲ್ಲ. ಸದ್ದು ಇಲ್ಲವೆಂದಲ್ಲ, ಇದೆ. ಅದು ನಿಂತಿರುವ ಕಡೆ ಇದು ಕಿವಿ ಇಟ್ಟಿದೆ, ಅಷ್ಟೇ. ಇದನ್ನು ನಾನು ನಿನಗೆ ಬರೆದಿರಲಿಲ್ಲ. ತಿಳಿಯದವರು ಕಟ್ಟಿ ಹೇಳುವ ಮಾತೂ ಅಲ್ಲ. ನೀನು ಬರೆದದ್ದೆಲ್ಲ ಸರಿಯಾಗಿದೆ, ಟೇಪಿನ ಅಳತೆಯೂ ಸರಿ. ಆದರೆ ಅದನ್ನು ನೀನು ಕೇಳಿದ್ದು ಸತ್ತ ಕಾಯಿಲ್‌ನಿಂದ.

ನಿನ್ನೆ ಅಂಗಡಿಯಲ್ಲಿ ಯಾರೂ ಇಲ್ಲದಾಗ ಅದನ್ನು ಕಿವಿಗೆ ಒತ್ತಿ ಹಿಡಿದುಕೊಂಡು ಕೂತೆ. ಆಚೆ ರಸ್ತೆಯಲ್ಲಿ ಲಾರಿಗಳು ಹೋಗುವುದು ಕೇಳಿಸಿತು. ಅಷ್ಟೇ. ನಿನಗೆ ಕೇಳಿಸಿ ನನಗೆ ಯಾಕೆ ಕೇಳಬಾರದು. ಅವನು ನನಗೂ ಏನೋ ಆಗಿದ್ದ.

ಹೊಸ ಎಳೆ ಸುತ್ತಿಕೊಡು ಎಂದರೆ ಸುತ್ತುತ್ತೇನೆ. ಬೇಡವೆಂದರೆ ಬೇಡ. ಈ ಕಾಗದವನ್ನು ಅವ್ವನಿಗೆ ಓದಿ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ಮಹದೇವು

---

ಮೇಟಗಳ್ಳಿ
22 ಸೆಪ್ಟೆಂಬರ್ 1998

ಮಹದೇವಣ್ಣನವರಿಗೆ,

ಎಳೆ ಸುತ್ತುವುದು ಬೇಡ. ವಾಪಸ್ಸು ಕಳಿಸುವುದೂ ಬೇಡ. ನಿಮ್ಮ ಹತ್ತಿರವೇ ಇರಲಿ.

ನಿಮ್ಮ ಕಾಗದವನ್ನು ಅವ್ವನಿಗೆ ಓದಿದೆ. ಅವಳಿಗೆ ಸಿಡಿಲು ಬಡಿದ ಹಾಗಾಗುತ್ತದೆ ಎಂದುಕೊಂಡಿದ್ದೆ. ಅವಳು ಅಲಸಂದೆ ಬಿಡಿಸುತ್ತಾ ಪೂರ್ತಿ ಕೇಳಿದಳು. "ಸತ್ತೈತೆ ಅಂತ ಅವ್ನೇ ಬರ್ದವ್ನಾ?" ಎಂದಳು. ಹೌದೆಂದೆ. ಸಿಪ್ಪೆಯನ್ನು ಮೊರಕ್ಕೆ ಹಾಕಿ ಎದ್ದು ಹೋದಳು. ಮಾರನೇ ದಿನ ದೊಡ್ಡಪ್ಪನ ಮನೆಗೆ ತಾನೇ ಹೋಗಿ, ಈ ಸಲ ನಮ್ಮಲ್ಲೂ ಎಡೆ ಇದೆ ಎಂದು ಹೇಳಿ ಬಂದಳಂತೆ.

ಮೊನ್ನೆ ಭಾನುವಾರ ಮಾರ್ಲಾಮಿ. ಗೋಡೆಯ ಪಕ್ಕ ಎರಡು ಬಾಳೆಲೆ ಹಾಕಿದೆವು, ಅಪ್ಪನಿಗೊಂದು, ಅಣ್ಣನಿಗೊಂದು. ಬೋಟಿಗೊಜ್ಜು, ಮುದ್ದೆ, ಕಜ್ಜಾಯ, ಅವರೆಕಾಳು ಹುಳಿ. ಅಪ್ಪನಿಗೆ ಬೀಡಿ ಕಟ್ಟು. ಅಣ್ಣನಿಗೆ ಹೊಸ ಅಂಗಿ. ಅದನ್ನು ನಾನೇ ಹೊಲಿದೆ, ಕಾಜಾ ಸರಿಯಾದ ಕಡೆಯೇ ಇವೆ. ಕೊನೆಯ ತುತ್ತನ್ನು ಒಡಹುಟ್ಟಿದವಳು ಇಡಬೇಕು ಎಂದು ದೊಡ್ಡಪ್ಪ ಸೌಟನ್ನು ನನ್ನ ಕೈಗೆ ಕೊಟ್ಟರು. ಇಟ್ಟರೆ ಅವನು ಸತ್ತವರಲ್ಲಿ ಒಬ್ಬ. ಸೌಟು ಹಿಡಿದುಕೊಂಡು ನಿಂತೇ ಇದ್ದೆ. ಯಾರೂ ಬೇಗ ಮಾಡು ಎನ್ನಲಿಲ್ಲ. ಇಟ್ಟೆ.

ಧೂಪ ಹಾಕಿ, ದೀಪ ಬಿಟ್ಟು, ಬಾಗಿಲು ಎಳೆದುಕೊಂಡು ಎಲ್ಲರೂ ಜಗುಲಿಗೆ ಬಂದೆವು. ಹಿರಿಯರು ಬಂದು ಉಂಡು ಹೋಗುವ ತನಕ ಒಳಗೆ ಯಾರೂ ಇರಬಾರದಲ್ಲ, ಆಮೇಲೂ ಕೆಮ್ಮಿ ಸುಳಿವು ಕೊಟ್ಟೇ ಬಾಗಿಲು ತೆಗೆಯಬೇಕು. ದೊಡ್ಡಪ್ಪ ಬೀದಿಯವರ ಜೊತೆ ಮಾತಿಗೆ ನಿಂತರು. ಅವ್ವ ನನ್ನ ಪಕ್ಕ ಕುಳಿತಳು. ಕುಳಿತವಳು ಮೆಲ್ಲಗೆ ಹೇಳಿದಳು.

"ನಂಗೆ ಒಂದ್ ದಿನಾನೂ ಕೇಳ್ನಿಲ್ಲ ಕಣವ್ವ."

ಏನು ಎಂದೆ.

"ಅದೇ, ಸಿದ್ದನ್ ಗುನುಗು. ತಂತಿ ಸದ್ದೂ ಕೇಳ್ನಿಲ್ಲ. ಡಬ್ಬ ಗೊಯ್ ಅನ್ನದು, ನೀನು ಕಣ್ ಮುಚ್ಕಂಡ್ ನಗೀವೆ. ಅವ್ನು ಹೋದ್ ಮ್ಯಾಲೆ ನೀನು ನಕ್ಕಿದ್ದೇ ಅವತ್ತು. ಅದ್ನೇ ನೋಡ್ಕಂಡು ಕೂತಿದ್ದೆ. ಎಡೆ ಮಡಗ್ಬುಟ್ರೆ ಅದ್ನೂ ಕಿತ್ಕಂಡಂಗೆ ಆಯ್ತದಲ್ಲ ಅಂತ ಬ್ಯಾಡ ಅಂದೆ."

ಅವ್ವನಿಗೆ ಕೇಳುತ್ತದೆ, ಅವಳಿಗಾಗಿ ನಾನು ಮೀಟುತ್ತಿದ್ದೇನೆ ಎಂದು ನಾನು. ನನಗೆ ಕೇಳುತ್ತದೆ, ನನಗಾಗಿ ತಾನು ಕೂರುತ್ತಿದ್ದೇನೆ ಎಂದು ಅವಳು. ಇಷ್ಟು ದಿನ ಹಾಗೆ ಎದುರುಬದುರು ಕೂತಿದ್ದೆವು.

"ಆಮ್ಯಾಕೆ ನೀನು ಉಣ್ಣದು ಬುಟ್ಟೆ," ಎಂದಳು. "ಮಲಗಿದ್ರೂ ಅದೇ ರಾಗ ಅಂತಿದ್ದೆ. ಅವ್ನು ಒಬ್ನು ಹೋಗಿದ್ದು ಸಾಕು."

ಆಗ ಒಳಗೆ ಶುರುವಾಯಿತು.

ಆಂಪಿನ ವೈರು ಕಿತ್ತಿಟ್ಟಿದ್ದೆ. ಪಿಕಪ್ ಹೊಸಪೇಟೆಯಲ್ಲಿತ್ತು. ಗಿಟಾರನ್ನು ಎಡೆಯ ಪಕ್ಕ ಗೋಡೆಗೆ ಒರಗಿಸಿದ್ದೆವು ಅಷ್ಟೇ. ಮೊದಲು ದಪ್ಪ ತಂತಿ, ಆಮೇಲೆ ಗುನುಗು. ದೂರವೂ ಅಲ್ಲ, ಹತ್ತಿರವೂ ಅಲ್ಲ. ಇಡೀ ಮನೆ ಗುನುಗಿದ ಹಾಗೆ. ಆ ಧಾಟಿಯನ್ನು ಅವನು ಮೊದಲಿನಿಂದ ಎತ್ತಿಕೊಂಡ. ತಪ್ಪುತ್ತಿದ್ದ ಕಡೆಗಳನ್ನೆಲ್ಲ ದಾಟಿದ. ಇಷ್ಟು ತಿಂಗಳು ನಾನು ಕಾದಿದ್ದ ಮುಂದಿನ ಸಾಲಿಗೆ ಬಂದ. ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ, ಹಲಗೆ ಅದುರುವುದು ಬೆನ್ನಿಗೆ ತಾಗುತ್ತಿತ್ತು. ದೊಡ್ಡಪ್ಪ ಬೀದಿಯಲ್ಲಿ ದಸರೆಗೆ ಬನ್ನಿಮಂಟಪದ ಪಂಜಿನ ಕವಾಯತಿನ ಪಾಸು ಯಾರಲ್ಲಿ ಸಿಗುತ್ತದೆಂದು ಕೇಳುತ್ತಿದ್ದರು. ಯಾರೂ ಇತ್ತ ತಿರುಗಲಿಲ್ಲ.

ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಭಾನುವಾರಗಳಲ್ಲಿ ನೋಡುತ್ತಿದ್ದ ಹಾಗೆಯೇ. ನನ್ನ ಕೈ ಹಿಡಿದುಕೊಂಡಳು.

"ಈಗೇನಾರ ಕೇಳ್ತದಾ ಮಗಾ?"

ಒಳಗೆ ಅವನು ಆ ಸಾಲನ್ನು ಇನ್ನೂ ಮುಗಿಸಿರಲಿಲ್ಲ.

"ಇಲ್ಲ ಕಣವ್ವ," ಎಂದೆ.

ಒಳಗೆ ಗುನುಗು ನಿಂತಿತು. ಒಂದು ಉಸಿರು ಎಳೆದುಕೊಂಡದ್ದು ಕೇಳಿಸಿತು. ಆಮೇಲೆ ಅದೂ ಇಲ್ಲ.

ಅವ್ವ ಎದ್ದು, ಕೆಮ್ಮಿ, ಬಾಗಿಲು ತೆಗೆದಳು.

ಧರಣಿ